ಒಣಗಿದ ಎರಡು ದಿನ

ಚಿಲೋಯೆ ದ್ವೀಪದಲ್ಲಿ ಮಳೆಗೆ ರಜೆಯಿಲ್ಲ.
ಶಾಲೆಗೆ ಮಾತ್ರ ಒಂದು ದಿನ ಕಾಯಂ ರಜೆ ಸಿಕ್ಕಿತು:
ಮಕ್ಕಳು ಮೂರೇ ಉಳಿದಿದ್ದರು, ಅದರಲ್ಲಿಬ್ಬರು ಅವಳಿ.
ಬಾಗಿಲಿಗೆ ಹಲಗೆ ಹೊಡೆಯುವ ಮುನ್ನ
ಇಲಾಖೆಯವರು ಕೇಳಿದರು, ಟೀಚರ್, ನೆನಪಿಗೇನು ಬೇಕು?
ಗಂಟೆ ಕೊಡುತ್ತಾರೆಂದು ಕಾದಿದ್ದೆ.
ಕೊಟ್ಟದ್ದು ಒಂದು ಬೆಂಚು.

ಅಂಗಳದ ಬಡಗಣ ಗೋಡೆಗೆ ಒರಗಿಸಿದೆ,
ನಮ್ಮಲ್ಲಿ ಬಿಸಿಲು ಬಂದರೆ ಆ ಕಡೆಯಿಂದಲೇ.
ಅದರ ಮೇಲೆ ಕುಂಡಗಳ ತರಗತಿ:
ಮೊದಲಿಗೆ ಪುದೀನ, ಬಾಯಿ ಮುಚ್ಚದ ಹುಡುಗಿ,
ತೂತು ಬಕೆಟ್ಟಿನಲ್ಲಿ ನೇರಳೆ ಆಲೂಗಡ್ಡೆ,
ಬಣ್ಣದ ಡಬ್ಬಿಯಲ್ಲಿ ಮುಷ್ಟಿಗಾತ್ರದ ಬೆಳ್ಳುಳ್ಳಿ,
ಕೊನೆಗೊಂದು ಫ್ಯೂಷಿಯಾ, ಸದಾ ತಲೆ ತಗ್ಗಿಸಿ,
ಉತ್ತರ ಗೊತ್ತಿದ್ದೂ ಹೇಳದವಳು.

ಮೂರು ಚಳಿಗಾಲ ಕಳೆಯಿತು.
ಒಂದು ಬೆಳಿಗ್ಗೆ ಬೆಂಚು ಒಂದು ಕಾಲು ಮಡಿಚಿತ್ತು,
ಬೈಸಿಕೊಂಡ ಹುಡುಗ ಮಂಡಿಯೂರಿದ ಹಾಗೆ.

ನೋಲ್ಬೆರ್ತೊನನ್ನು ಕರೆಸಿದೆ.
ದೋಣಿ ಕಟ್ಟುವವನು. ಒಮ್ಮೆ ನನ್ನ ಕೊನೆಯ ಸಾಲಿನವನು,
ಏಳರ ಮಗ್ಗಿಯಲ್ಲಿ ಈಗಲೂ ಮುಳುಗುವವನು.
ಹಲಗೆ ತಟ್ಟಿದ, ಮೂಸಿದ,
ಜೇಬಿನ ಚಾಕು ತೆಗೆದು ಚುಚ್ಚಿದರೆ
ಬೆಣ್ಣೆಗೆ ಹೋದಂತೆ ಹೋಯಿತು.

“ಮಳೆ ಮಾಡಿದ್ದಲ್ಲ ಇದು, ಟೀಚರ್.
ಅಜ್ಜನ ದೋಣಿ ಅರವತ್ತು ವರ್ಷ ನೀರಲ್ಲೇ ಇತ್ತು.
ದಡಕ್ಕೆಳೆದು ಹುಲ್ಲಿನ ಮೇಲೆ ಮಲಗಿಸಿದೆವು ನೋಡಿ,
ನಾಲ್ಕೇ ವರ್ಷ.
ಮೇಲಿಂದ ಬಿದ್ದದ್ದು ಇಳಿದು ಹೋಗುತ್ತದೆ.
ಕುಂಡದ ಅಡಿಯಲ್ಲಿ ಕೂತದ್ದಿದೆಯಲ್ಲ,
ಹೊರಡಲು ದಾರಿ ಕಾಣದ ನೆಂಟ,
ಅದು ಮನೆಯನ್ನೇ ಉಣ್ಣುತ್ತದೆ.”

ನಲವತ್ತು ವರ್ಷ ಪಾಠ ಹೇಳಿದವಳು ಬರೆದುಕೊಂಡೆ:
ಕುಂಡಕ್ಕೆ ಕಾಲು ಬೇಕು, ಬೆರಳು ತೂರುವಷ್ಟು ಸಂದು.
ಬೆಂಚಿನ ಕಾಲಿಗೆ ಕಲ್ಲು, ಮಣ್ಣು ತಾಗಕೂಡದು.
ಕಾಯಿಸಿದ ಅಗಸೆ ಎಣ್ಣೆ, ತೆಳ್ಳಗೆ,
ಹಲಗೆಯ ಕೊಯ್ದ ತುದಿಗೆ ಇನ್ನೆರಡು ಸಲ,
ಮರ ಬಾಯಿಟ್ಟು ಕುಡಿಯುವುದು ಅಲ್ಲಿಂದಲೇ.
ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ,
ಹರವಿಡಿ, ತಾನಾಗಿ ಹೊತ್ತಿಕೊಂಡೀತು.
ಮತ್ತೆ, ಹಚ್ಚುವುದು ಒಣಗಿದ ದಿನ.
“ಒಣಗಿದ ದಿನ ಎಲ್ಲಿದೆಯೋ ಇಲ್ಲಿ?”
“ಜನವರಿಯಲ್ಲಿ ಎರಡು ಬರುತ್ತವೆ. ಗೈರುಹಾಜರಾಗಬೇಡಿ.”

ಭಾನುವಾರದ ಸಾರಿನ ಮಸ್ಸೆಲ್ ಚಿಪ್ಪುಗಳನ್ನೇ ತೊಳೆದು
ಕುಂಡಕ್ಕೆ ಮೂರರಂತೆ ಬೋರಲು ಹಾಕುತ್ತ ಬಂದ.
ಪುದೀನ ಎದ್ದು ನಿಂತಿತು. ಫ್ಯೂಷಿಯಾ ಕೂಡ.

ಬೆಳ್ಳುಳ್ಳಿ ಡಬ್ಬಿ ಎತ್ತಿದಾಗ ಇಬ್ಬರೂ ಸುಮ್ಮನಾದೆವು.
ಕಪ್ಪು ಉಂಗುರ, ಅದರೊಳಗೆ
ಮೊಳೆಯಲ್ಲಿ ಕೆತ್ತಿದ ಹೆಸರು: ಬೆರ್ತೊ.

ಇಬ್ಬರು ಬೆರ್ತೊಗಳಿದ್ದರು ಆ ವರ್ಷ.
ನಾನು ಎರಿಬೆರ್ತೊನನ್ನು ಹೊರಗೆ ನಿಲ್ಲಿಸಿದೆ,
ಸಂಜೆಯವರೆಗೆ, ಸೂರಿನ ನೀರು ಬೀಳುವಲ್ಲಿ.
ಅವನು ನಾನಲ್ಲ ಎಂದ. ಒಂದೇ ಸಲ.
ಮರುದಿನ ಬರಲಿಲ್ಲ. ಆಮೇಲೂ.

ಈಗ ನೋಡುತ್ತೇನೆ, ಕೊಳೆತ ಹಲಗೆಯಲ್ಲಿ
ರಕಾರ ಕನ್ನಡಿಯೊಳಗಿನದರಂತೆ ತಿರುಗಿ ನಿಂತಿದೆ.
ಹಾಗೆ ಬರೆಯುತ್ತಿದ್ದವನು ತರಗತಿಗೆ ಒಬ್ಬನೇ.
ಎಷ್ಟು ಸಲ ತಿದ್ದಿಸಿದ್ದೆ ಕೈ ಹಿಡಿದು.
ಅಂದು ಕೋಪದಲ್ಲಿ ಹೆಸರು ಓದಿದ್ದೆ,
ಅಕ್ಷರ ನೋಡಿರಲಿಲ್ಲ.

ನೋಲ್ಬೆರ್ತೊ ಉಳಿ ಹಚ್ಚಿದ.
“ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೂ ತೆಗೆಯಬೇಕು,”
ಎಂದ ಬೆಂಚಿಗೆ, ನನಗಲ್ಲ.
ಸಿಪ್ಪೆ ಸಿಪ್ಪೆಯಾಗಿ ಹೆಸರು ಎದ್ದು ಬಂತು.
ಗುಳಿಗೆ ಸೈಪ್ರೆಸ್ ತುಂಡು ಕೂರಿಸಿದ, ಹೊಸ ಹಲ್ಲಿನಷ್ಟು ಬಿಳಿ.
ಕೂಲಿ ಮುಟ್ಟಲಿಲ್ಲ.
ಗೇಟಿನ ಬಳಿ ನಿಂತು, ಬೆನ್ನು ತಿರುಗಿಸದೆಯೇ ಹೇಳಿದ:
“ಪುಂತಾ ಅರೇನಾಸ್‌ನಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಾನಂತೆ.
ವಿಳಾಸ ನನ್ನ ಹತ್ತಿರ ಇದೆ.
ಬಹಳ ವರ್ಷದಿಂದ ಇದೆ.”

ಆ ತುಂಡಿನ ಮೇಲೆ ಕುಂಡ ಇಟ್ಟಿಲ್ಲ.
ಮಳೆ ಬರುತ್ತದೆ, ಕೂರುತ್ತದೆ, ಎದ್ದು ಹೋಗುತ್ತದೆ.
ಜನವರಿಯ ಒಂದು ದಿನ ಎಣ್ಣೆ ಹಚ್ಚಿಯಾಯಿತು.
ಇನ್ನೊಂದು ದಿನಕ್ಕೆಂದು
ಕಾಗದ, ಪೆನ್ನು ತೆಗೆದಿಟ್ಟಿದ್ದೇನೆ.